ಅಪ್ಪ ಸತ್ತ ಪುಸ್ತಕ

“ಒರೆಸಿ ಇಡೇ ಮುಂಡೇದೇ. ಗೋಂದಿನ ಕೈ ಹಾಕಿ ಹಾಕಿ ಮಿಷನ್ ಕೆಡಿಸ್ತೀಯ.”

ಮ್ಯಾನೇಜರ್ ನನ್ನ ಕೈ ಮುಟ್ಟಲಿಲ್ಲ. ಪೆನ್ಸಿಲ್ಲಿನ ತುದಿಯಿಂದ ಹೆಬ್ಬೆರಳನ್ನು ದೂಡಿ, ಬಾಗಿಲ ಪಕ್ಕದ ಕಪ್ಪು ಡಬ್ಬಿಯ ಗಾಜಿನ ಮೇಲೆ ಕೂರಿಸಿದ. ಡಬ್ಬಿ ಕೆಂಪು ದೀಪ ಹತ್ತಿಸಿ ಕೊರ್ ಎಂದಿತು.

“ಎಡಗೈದು ಇಡು.”

ಎಡಗೈಗೂ ಕೊರ್ ಎಂದಿತು.

“ನಿನಗೆ ಬೆರಳ ಗುರುತೇ ಇಲ್ಲವಲ್ಲೇ. ಕೊಲೆ ಮಾಡಿದ್ರೂ ಪೊಲೀಸರಿಗೆ ಸಿಗಲ್ಲ ನೀನು.”

“ಅದನ್ನ ನೆನಪಿಟ್ಕೊಂಡು ಮಾತಾಡಿ ಸಾರ್,” ಎಂದೆ.

ಅವನು ಪೆನ್ಸಿಲ್ಲನ್ನು ಪ್ಯಾಂಟಿಗೆ ಒರೆಸಿಕೊಂಡ. “ದಿನಾ ಬಾಗಿಲು ತಟ್ಟು. ಯಾರಿಗಾದ್ರೂ ಪುರುಸೊತ್ತಿದ್ರೆ ತೆಗೀತಾರೆ.”

ಹೀಗೆ ನಾನು ‘ತೆರೆದ ಬಾಗಿಲು’ ಯೋಜನೆಯ ಫಲಾನುಭವಿಯಾಗಿ ಪ್ರಕಾಶನದ ಮಹಡಿಯ ಮೇಲೆ ಕೆಲಸಕ್ಕೆ ಸೇರಿದೆ.

ಅದಕ್ಕೆ ಮೊದಲು ನಾನಿದ್ದದ್ದು ಅದೇ ಕಟ್ಟಡದ ಕೆಳಗೆ, ಬೈಂಡಿಂಗ್ ಶೆಡ್ಡಿನಲ್ಲಿ. ಅಚ್ಚಾಗಿ ಬಂದ ದೊಡ್ಡ ಹಾಳೆಗೆ ನಾವು ಫಾರಂ ಎನ್ನುತ್ತೇವೆ. ಒಂದೊಂದು ಫಾರಮ್ಮಿನಲ್ಲಿ ಹದಿನಾರು ಪುಟ. ಅದನ್ನು ಮಡಿಸಿ, ಹೆಬ್ಬೆರಳಿನಿಂದ ಮಡಿಕೆ ತೀಡಬೇಕು. ಮದುವೆಯಾಗುವ ಮೊದಲು ಶುರು ಮಾಡಿದವಳು, ಗಂಡ ಬಿಟ್ಟುಹೋದ ಮೇಲೂ ತೀಡುತ್ತಲೇ ಇದ್ದೆ. ಬೆರಳಿನ ಗೆರೆಗಳೆಲ್ಲ ಜನರ ಪುಸ್ತಕಗಳಿಗೆ ಮೆತ್ತಿಕೊಂಡು ಹೋದವು.

ಮಡಿಸುತ್ತಾ ಓದುವುದು ನನ್ನ ಚಟ. ಆದರೆ ಮಡಿಸದ ಹಾಳೆಯಲ್ಲಿ ಪುಟಗಳು ಸಾಲಾಗಿ ಇರುವುದಿಲ್ಲ. ಒಂದನೆಯ ಪುಟದ ಪಕ್ಕ ಹದಿನಾರನೆಯದು, ಅದರ ನೆತ್ತಿಗೆ ತಲೆಕೆಳಗಾಗಿ ಒಂಬತ್ತನೆಯದು. ಹಾಗಾಗಿ ನಾನು ಓದಿದ ಕಾದಂಬರಿಗಳಲ್ಲೆಲ್ಲ ನಾಯಕಿ ಮೊದಲು ಸಾಯುತ್ತಾಳೆ, ಆಮೇಲೆ ಮದುವೆಯಾಗುತ್ತಾಳೆ, ಕೊನೆಗೆ ಹುಡುಗನನ್ನು ನೋಡಿ ನಾಚುತ್ತಾಳೆ. ಒಂದಾದರೂ ಪುಸ್ತಕವನ್ನು ಮೊದಲಿಂದ ಕೊನೆಯವರೆಗೆ, ಎಲ್ಲರಿಗಿಂತ ಮುಂಚೆ, ಕುರ್ಚಿಯ ಮೇಲೆ ಕೂತು ಓದಿ, “ಇದು ಚೆನ್ನಾಗಿಲ್ಲ, ವಾಪಸ್ ಕಳಿಸಿ” ಎಂದು ಹೇಳಬೇಕೆಂಬುದು ನನ್ನ ಆಸೆ. ಮಹಡಿಯ ಮೇಲಿನವರಿಗೆ ಅದಕ್ಕೇ ಸಂಬಳ ಕೊಡುತ್ತಾರೆ ಎಂದು ತಿಳಿದ ದಿನ ನನಗೆ ಹೊಟ್ಟೆ ಉರಿದುಹೋಗಿತ್ತು.

ಒಂದು ದಿನ ಯಜಮಾನರೇ ಶೆಡ್ಡಿಗೆ ಇಳಿದು ಬಂದರು. ಅವರು ಮಾತಾಡಿದರೆ ಹಲ್ಲು ಟಕ್ ಟಕ್ ಎಂದು ಸದ್ದಾಗುತ್ತದೆ. ಯಾವುದೋ ಟ್ರಸ್ಟು ದುಡ್ಡು ಕೊಡುತ್ತದಂತೆ. ಪುಸ್ತಕದ ಲೋಕಕ್ಕೆ ಕಾಲಿಡಲಾಗದ ಮನೆಗಳಿಂದ ಒಬ್ಬರನ್ನು ತೆಗೆದುಕೊಂಡು, ಆರು ತಿಂಗಳು ಪಳಗಿಸಿ, ಸರಿಹೋದರೆ ಸಂಪಾದಕರ ಸಹಾಯಕ ಎಂದು ಕಾಯಂ ಮಾಡಬೇಕಂತೆ. ಟ್ರಸ್ಟಿನವರು ನಾಳೆ ನೋಡಲು ಬರುತ್ತಾರೆ, ಇವರ ಹತ್ತಿರ ತೋರಿಸಲು ಒಂದು ತಲೆಯೂ ಇರಲಿಲ್ಲ.

“ನಿಮ್ಮಲ್ಲಿ ಯಾರಿಗಾದ್ರೂ ಓದೋಕೆ ಬರುತ್ತೇನ್ರೇ? ಟಕ್.”

ನಾನು ಕೈ ಎತ್ತಿದೆ. “ನಿಮ್ಮಪ್ಪ ಏನು ಕೆಲಸ?” ಎಂದರು.

“ಒಳಚರಂಡಿ ಗುಂಡಿ ಬಳಿಯೋ ಕೆಲಸ. ಈಗ ನಿವೃತ್ತಿ.”

ಯಜಮಾನರ ಮುಖ ಅರಳಿತು. ಜೀವಮಾನದಲ್ಲಿ ನಮ್ಮಪ್ಪನ ಕೆಲಸ ಕೇಳಿ ಒಬ್ಬರ ಮುಖ ಅರಳಿದ್ದನ್ನು ನಾನು ನೋಡಿದ್ದು ಅದೇ ಮೊದಲು.

*

ಮಹಡಿಯ ಮೇಲೆ ನನಗೆ ಒಬ್ಬ ಮಾರ್ಗದರ್ಶಿ ಇದ್ದಳು. ನನಗಿಂತ ಹತ್ತು ವರ್ಷ ಚಿಕ್ಕವಳು, ಒಳ್ಳೆಯ ಹುಡುಗಿ, ಮಾತಾಡುವಾಗ ತನ್ನ ಎದೆಯ ಮೇಲೆ ತಾನೇ ಕೈ ಇಟ್ಟುಕೊಳ್ಳುತ್ತಿದ್ದಳು. ಶೆಡ್ಡಿನಲ್ಲಿ ಅವಳಿಗೆ ದಾರಿ ಮೇಡಂ ಎಂದು ಹೆಸರಿಟ್ಟರು.

“ಇಲ್ಲಿ ನೀವು ನಮಗೆ ಕಲಿಸೋಕೆ ಬಂದಿದ್ದೀರಿ, ನಾವು ನಿಮಗಲ್ಲ,” ಎಂದಳು ಮೊದಲ ದಿನ.

ಆ ಮಾತನ್ನು ಅವಳು ಬಿಡಲಿಲ್ಲ. ನನಗೆ ಯಾರೂ ಏನನ್ನೂ ಕಲಿಸಲಿಲ್ಲ. ಎಲ್ಲರ ಮುಂದೆಯೂ ಅಚ್ಚಾಗದ ಕಾದಂಬರಿಗಳ ಕಟ್ಟುಗಳಿದ್ದವು, ನನ್ನ ಮುಂದೆ ಟೀ ಫ್ಲಾಸ್ಕು ಇತ್ತು. ಕುರ್ಚಿ ಬರುತ್ತದೆ ಎಂದರು, ಬರಲಿಲ್ಲ. ಅಂಗಡಿಗಳಿಂದ ಮಾರಾಟವಾಗದೆ ವಾಪಸು ಬಂದ ಪುಸ್ತಕಗಳ ಒಂದು ಬಂಡಲ್ಲಿನ ಮೇಲೆ ಕೂರುತ್ತಿದ್ದೆ. ಫೋಟೋ ತೆಗೆಯುವವನು ಬಂದಾಗ ಮಾತ್ರ ಯಾರಾದರೂ ಎದ್ದು ಕುರ್ಚಿ ಕೊಡುತ್ತಿದ್ದರು. ಅವನು ಕೈಗೆ ಪೆನ್ನು ಕೊಟ್ಟು, “ಯೋಚನೆ ಮಾಡ್ತಿರೋ ಹಾಗೆ ಕೂತ್ಕೊಳ್ಳಿ” ಎನ್ನುತ್ತಿದ್ದ. ನಾನು ಟೀ ತಣ್ಣಗಾಗುತ್ತಿದೆಯಲ್ಲ ಎಂದು ಯೋಚನೆ ಮಾಡುತ್ತಿದ್ದೆ. ಫೋಟೋ ಚೆನ್ನಾಗಿ ಬರುತ್ತಿತ್ತು.

ಟೀ ತರಲು ಹೊರಗೆ ಹೋದರೆ ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಕೈಯಲ್ಲಿ ಬಿಸಿ ಫ್ಲಾಸ್ಕು ಹಿಡಿದು ಕಾಲಿನಿಂದ ಒದೆಯುತ್ತಿದ್ದೆ. ಬಾಗಿಲಿನ ಮೇಲೆ ‘ತೆರೆದ ಬಾಗಿಲು’ ಎಂದು ನನ್ನದೇ ಫೋಟೋ ಅಂಟಿಸಿದ್ದರು. ಒದ್ದೂ ಒದ್ದೂ ಫೋಟೋದಲ್ಲಿ ನನ್ನ ಸೀರೆಯ ನೆರಿಗೆಯ ಜಾಗ ಮಾಸಿಹೋಯಿತು.

ಒಂದು ದಿನ ದಾರಿ ಮೇಡಂ ಹೇಳಿದಳು: “ಎಲ್ಲ ಪ್ರಕಾಶನಗಳ ಫಲಾನುಭವಿಗಳ ಬರಹ ಸೇರಿಸಿ ಒಂದು ಪುಸ್ತಕ ಮಾಡ್ತಿದ್ದೀವಿ. ‘ನಮ್ಮ ದನಿ’ ಅಂತ. ನಿಮ್ಮದೇ ಮೊದಲನೇದು. ನಿಮ್ಮ ತಂದೆಯ ಬಗ್ಗೆ ಬರೀರಿ. ಮನಸ್ಸು ಬಿಚ್ಚಿ.”

ಮನಸ್ಸು ಬಿಚ್ಚಿಯೇ ಬರೆದೆ. ಅಪ್ಪ ಹೇಳುತ್ತಿದ್ದ ಹಲ್ಲುಸೆಟ್ಟಿನ ಕಥೆ.

ಒಂದು ದೊಡ್ಡ ಮನೆಯವರು ಬಾಯಿ ತೊಳೆಯುವಾಗ ಹಲ್ಲುಸೆಟ್ಟು ಜಾರಿ ಕಕ್ಕಸಿಗೆ ಬಿತ್ತು. ಅಪ್ಪನನ್ನು ಕರೆಸಿದರು. ಅಪ್ಪ ಹೊರಗಿನ ಗುಂಡಿಗೆ ಕತ್ತಿನವರೆಗೆ ಇಳಿದು, ಕಾಲಿನಲ್ಲಿ ತಡಕಿ, ಅದನ್ನು ಹುಡುಕಿ ಮೇಲೆ ಬಂದ. ಕೈ ಚಾಚಿದರೆ ಆ ಯಜಮಾನ ಮೂಗು ಮುಚ್ಚಿಕೊಂಡು, “ಮುಟ್ಟಬೇಡ, ಮೆಟ್ಟಿಲ ಮೇಲೆ ಇಟ್ಟು ದೂರ ಹೋಗು” ಎಂದ. ಅಪ್ಪ ಇಟ್ಟು ದೂರ ನಿಂತ. ಯಜಮಾನ ಅದಕ್ಕೆ ಒಂದು ತಂಬಿಗೆ ನೀರು ಹುಯ್ದು, ಬಾಯಿಗೆ ಹಾಕಿಕೊಂಡು, ಅದೇ ಬಾಯಲ್ಲಿ ಅಪ್ಪನಿಗೆ “ಗೇಟು ಮುಟ್ಟದೆ ಹೋಗೋ ಬೋಳಿಮಗನೇ” ಎಂದ.

ಅಪ್ಪ ಇದನ್ನು ಹೇಳುವಾಗ ನಗುತ್ತಾ ನಗುತ್ತಾ ಕೆಮ್ಮು ಹತ್ತಿ ಉಸಿರು ಸಿಕ್ಕಿಕೊಳ್ಳುತ್ತಿತ್ತು. ಯಾರ ಮನೆ ಎಂದು ಕೇಳಿದರೆ ಬಾಯಿ ಬಿಡುತ್ತಿರಲಿಲ್ಲ. “ಗುಂಡಿಗೆ ಇಳಿದವನು ಮನೆ ಮನೆ ಗುಟ್ಟು ಹೇಳ್ಕೊಂಡು ತಿರುಗಬಾರದು ಕಣೇ,” ಎನ್ನುತ್ತಿದ್ದ.

ದಾರಿ ಮೇಡಂ ಓದಿದಳು. ನಗಲಿಲ್ಲ. ಎದೆಯ ಮೇಲೆ ಕೈ ಇಟ್ಟುಕೊಂಡಳು.

“ಚೆನ್ನಾಗಿದೆ. ಆದ್ರೆ ನೋವು ಎಲ್ಲಿದೆ?”

“ಎಲ್ಲ ಕಡೆ ಇದೆಯಲ್ಲ ಮೇಡಂ.”

“ನಗು ಜಾಸ್ತಿ ಆಯ್ತು. ಓದುಗರಿಗೆ ಗೊಂದಲ ಆಗುತ್ತೆ, ಅಳಬೇಕೋ ನಗಬೇಕೋ ಅಂತ. ನಿಮ್ಮ ಮನೆಯಲ್ಲಿ ಯಾರೂ… ಈ ಕೆಲಸದಲ್ಲಿ…?”

ಬಾಯಿ ತಪ್ಪಿ ಹೇಳಿಬಿಟ್ಟೆ. ಅಪ್ಪನ ತಮ್ಮ, ನಮ್ಮ ಚಿಕ್ಕಪ್ಪ, ಮಾರುಕಟ್ಟೆ ಬೀದಿಯ ಗುಂಡಿಗೆ ಇಳಿದವನು ಮೇಲೆ ಬರಲಿಲ್ಲ. ಅಪ್ಪನೇ ಹಗ್ಗ ಹಿಡಿದಿದ್ದ. ಮನೆಯಲ್ಲಿ ಅದನ್ನು ಯಾರೂ ಮಾತಾಡುವುದಿಲ್ಲ.

ಅವಳ ಕಣ್ಣು ತುಂಬಿ ಬಂದವು. ನಿಜವಾಗಿಯೂ ತುಂಬಿದವು, ಸುಳ್ಳು ಹೇಳಬಾರದು.

ಮುಂದಿನ ವಾರ ತಿದ್ದಿದ ಪ್ರತಿ ನನ್ನ ಕೈಗೆ ಬಂತು. ಹಲ್ಲುಸೆಟ್ಟು ಎಲ್ಲೂ ಇರಲಿಲ್ಲ. ನಮ್ಮಪ್ಪ ಮೂರನೆಯ ಪುಟದಲ್ಲಿ ಮಾರುಕಟ್ಟೆ ಬೀದಿಯ ಗುಂಡಿಗೆ ಇಳಿದು, ನಾಲ್ಕನೆಯ ಪುಟದಲ್ಲಿ ಸತ್ತುಹೋಗಿದ್ದ. ಸಾಯುವ ಮುಂಚೆ “ಮಗಳೇ, ನೀನು ಓದಬೇಕು” ಎಂದಿದ್ದ. ನಮ್ಮಪ್ಪ ನನಗೆ ಯಾವತ್ತಾದರೂ ಹೇಳಿದ್ದಿದ್ದರೆ “ಆ ಬೀಡಿ ಕಟ್ಟು ಎತ್ತಿಕೊಡೇ” ಎಂದಷ್ಟೇ.

“ಮೇಡಂ, ನಮ್ಮಪ್ಪ ಬದುಕಿದ್ದಾನೆ. ಇವತ್ತು ಬೆಳಿಗ್ಗೆ ಕೂಡ ನನ್ನ ಜೊತೆ ಜಗಳ ಆಡಿದ.”

“ಗೊತ್ತು. ಇದು ಸಾಹಿತ್ಯದ ಸತ್ಯ. ಚಿಕ್ಕಪ್ಪ ಅಂದ್ರೆ ಸ್ವಲ್ಪ ದೂರ ಆಗುತ್ತೆ. ತಂದೆ ಅಂದ್ರೆ ನೇರ ತಟ್ಟುತ್ತೆ.”

ಯಜಮಾನರ ಕೋಣೆಗೆ ಹೋದೆ. ಅವರು ಬಾಯಿಗೆ ಕೈ ಅಡ್ಡ ಹಿಡಿದು ಹಲ್ಲು ಕೂರಿಸಿಕೊಂಡರು.

“ಟ್ರಸ್ಟಿನ ಅಧ್ಯಕ್ಷೆಗೆ ಈಗಾಗಲೇ ಸಾರಾಂಶ ಕಳಿಸಾಯ್ತು. ಅವರು ಅತ್ತುಬಿಟ್ರಂತೆ. ಮುಂದಿನ ವರ್ಷದ ಯೋಜನೇನೂ ನಮಗೇ ಕೊಡ್ತಾರೆ. ಟಕ್. ನೋಡು, ಸೀದಾ ಮಾತು. ನಿಮ್ಮಪ್ಪ ಪುಸ್ತಕದಲ್ಲಿ ಸತ್ರೆ ನಿನಗೆ ಕುರ್ಚಿ. ಬದುಕಿದ್ರೆ ಕೆಳಗೆ ಗೋಂದು. ಮತ್ತೆ ಬಿಡುಗಡೆ ದಿನ ಆ ಮುದುಕನ್ನ ಮನೆಯಲ್ಲೇ ಇರಿಸು.”

*

ನಮ್ಮಪ್ಪ ಹೊಸ್ತಿಲ ಮೇಲೆ ಕೂತು, ಬೀದಿಯಲ್ಲಿ ಯಾರೋ ಹುಡುಗರು ಮೋರಿ ಎತ್ತುವುದನ್ನು ನೋಡಿ ಉಗಿಯುತ್ತಿದ್ದ. ನಿವೃತ್ತಿಯಾದ ಮೇಲೆ ಅದೇ ಅವನ ಉದ್ಯೋಗ. ಊರಿನಲ್ಲಿ ಎಲ್ಲಿ ಮುಚ್ಚಳ ತೆಗೆದರೂ ಅಲ್ಲಿ ಹೋಗಿ ತಪ್ಪು ಹುಡುಕುತ್ತಾನೆ.

“ಅಪ್ಪ, ನಿನ್ನನ್ನ ಸಾಯಿಸಿದ್ದಾರೆ.”

“ಯಾರು?”

“ನಮ್ಮ ಆಫೀಸಿನವರು. ಪುಸ್ತಕದಲ್ಲಿ.”

ಅಪ್ಪ ನನ್ನ ಕಡೆ ತಿರುಗಿದ. “ಅದರಿಂದ ನಿನಗೆ ಕಾಯಂ ಆಗುತ್ತಾ?”

“ಆಗುತ್ತೆ ಅಂತಾರೆ.”

“ಹಾಗಾದ್ರೆ ಸಾಯಲಿ ಬಿಡು. ಬದುಕಿ ಯಾವ ಮಹಾ ಉಪಕಾರ ಮಾಡಿದ್ದೀನಿ ನಿನಗೆ. ಹೇಗೆ ಸತ್ತೆ? ಮಲಗಿದ್ದಾಗ್ಲಾ?”

“ಗುಂಡಿಯಲ್ಲಿ.”

“ಥೂ. ನಾನು ಗುಂಡಿಯಲ್ಲಿ ಸಾಯೋ ಗಿರಾಕಿನಾ? ಮೊದಲು ಮುಚ್ಚಳ ತೆಗೆದು ಗಾಳಿಯಾಡಿಸಿ, ಮೂಸಿ ನೋಡದೆ ಇಳಿದವನೇ ಅಲ್ಲ. ಯಾವ ಗುಂಡಿ?”

ಹೇಳಬಾರದಿತ್ತು. “ಮಾರುಕಟ್ಟೆ ಬೀದಿದು,” ಎಂದೆ.

ಬೀದಿಯ ಹುಡುಗರು ಏನೋ ತಪ್ಪು ಮಾಡಿದರು, ಅಪ್ಪ ಉಗಿಯಲಿಲ್ಲ.

“ಅದು ಅವನದು ಕಣೇ,” ಎಂದ. “ಅವನ ಅಂಗಿ ಇನ್ನೂ ಟ್ರಂಕಿನಲ್ಲಿದೆ, ಒಂದು ದಿನ ನಾನು ಹಾಕ್ಕೊಂಡಿಲ್ಲ. ಸಾವನ್ನ ಹಾಕ್ಕೊಂಡು ತಿರುಗಲಾ?”

ನಾನು ಅವನ ಪಕ್ಕ ಹೊಸ್ತಿಲ ಮೇಲೆ ಕೂತೆ.

“ಹೋಗ್ಲಿ. ನೀನು ಕುರ್ಚಿ ಮೇಲೆ ಕೂತ್ಕೋ. ಅವನಿಗೂ ಅದೇ ಬೇಕಾಗಿದ್ದು, ನಮ್ಮೋರು ಯಾರಾದ್ರೂ ಕುರ್ಚಿ ಮೇಲೆ ಕೂರಬೇಕು ಅಂತ.” ಆಮೇಲೆ ಕಣ್ಣು ಕಿರಿದು ಮಾಡಿ ಕೇಳಿದ: “ನಿಮ್ಮ ಯಜಮಾನ ಹೇಗೆ ಮಾತಾಡ್ತಾನೆ, ಮಾಡಿ ತೋರಿಸೇ.”

ಮಾಡಿ ತೋರಿಸಿದೆ. ಟಕ್ ಎಂದಾಗ ಅಪ್ಪ ನಕ್ಕು ನಕ್ಕು ಕೆಮ್ಮು ಹತ್ತಿಸಿಕೊಂಡ. ನಾನು ಇದರ ಹಿಂದೆ ಏನೋ ಇದೆ ಎಂದುಕೊಳ್ಳಲಿಲ್ಲ. ಮುದುಕನಿಗೆ ಖುಷಿಯಾಯಿತಲ್ಲ ಎಂದುಕೊಂಡೆ.

*

ಬಿಡುಗಡೆಯ ದಿನ ಹತ್ತಿರ ಬಂದರೂ ಪುಸ್ತಕ ಅಚ್ಚಾಗಲಿಲ್ಲ. ನಮ್ಮ ದನಿಯನ್ನು ತಿದ್ದುವವರ ತಿದ್ದುಪಡಿ ಮುಗಿಯಲೇ ಇಲ್ಲ. ಒಬ್ಬನ ಅಜ್ಜಿಯನ್ನು ಕುರುಡಿ ಮಾಡಿದ್ದರು, ಅವಳಿಗೆ ಯಾವ ಕಣ್ಣು ಎಂಬುದು ಇತ್ಯರ್ಥವಾಗಿರಲಿಲ್ಲ. ಕೊನೆಗೆ ಯಜಮಾನರು ಡಮ್ಮಿ ಮಾಡಿ ಎಂದರು.

ಡಮ್ಮಿ ಎಂದರೆ ಹೊರಗಡೆ ನಿಜವಾದ ರಕ್ಷಾಪುಟ, ಒಳಗೆ ಬಿಳಿ ಹಾಳೆ. ಎಷ್ಟು ದಪ್ಪ ಬರುತ್ತದೆ ಎಂದು ನೋಡಲು ಒಂದು ಪ್ರತಿ ಮಾಡುವ ಪದ್ಧತಿ. ಇವರು ವೇದಿಕೆಯವರಿಗೆ ಮತ್ತು ಮುಂದಿನ ಸಾಲಿನವರಿಗೆ ಸಾಕಾಗುವಷ್ಟು ಮಾಡಿಸಿದರು. ಎತ್ತಿ ಹಿಡಿಯುವುದು, ಫೋಟೋ ತೆಗೆಯುವುದು, ವಾಪಸು ಇಸಿದುಕೊಳ್ಳುವುದು.

ಕೈ ಕಮ್ಮಿ ಬಿತ್ತೆಂದು ನನ್ನನ್ನೇ ಶೆಡ್ಡಿಗೆ ಇಳಿಸಿದರು. ನನ್ನ ದನಿಯನ್ನು ನಾನೇ ಮಡಿಸಿದೆ. ಹೊಲಿಗೆಯ ಅಕ್ಕ, ಅಮ್ಮನ ವಯಸ್ಸಿನವಳು, ಸೂಜಿಗೆ ದಾರ ಪೋಣಿಸುತ್ತಾ ಒಂದು ಪ್ರತಿ ಬಿಡಿಸಿ ನೋಡಿದಳು.

“ತುಂಬಾ ಚೆನ್ನಾಗಿ ಬರೆದಿದ್ದೀಯ ಕಣೇ. ಒಂದೂ ತಪ್ಪಿಲ್ಲ.”

“ನಿನ್ನ ಬಾಯಿಗೆ ಮಣ್ಣು ಹಾಕ.”

“ನಿಮ್ಮಪ್ಪ ಯಾವ ಪುಟದಲ್ಲಿ ಸತ್ತಿದ್ದು? ಇದೇನಾ? ಪಾಪ, ಎಷ್ಟು ಬೆಳ್ಳಗೆ ಮಲಗಿದ್ದಾನೆ.”

ಶೆಡ್ಡಿಗೆ ಶೆಡ್ಡೇ ನಕ್ಕಿತು. ನನಗೂ ನಗು ಬಂತು. ನಗುತ್ತಲೇ ಹೆಬ್ಬೆರಳು ತೀಡುತ್ತಿತ್ತು.

*

ಸಭೆ ತುಂಬಿತ್ತು. ವೇದಿಕೆಯ ಮೇಲೆ ಯಜಮಾನರು, ಪಕ್ಕದಲ್ಲಿ ಟ್ರಸ್ಟಿನ ಅಧ್ಯಕ್ಷೆ, ಕೊನೆಯಲ್ಲಿ ನಾನು. ಅಂತೂ ಒಂದು ಕುರ್ಚಿ. ಕೆಳಗೆ ನೋಡುತ್ತೇನೆ, ಹಿಂದಿನ ಸಾಲಿನಲ್ಲಿ ನಮ್ಮಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹೊಲಿಗೆಯ ಅಕ್ಕನ ಪಕ್ಕ ಕೂತು, ಹಂಚಿದ ಬಿಸ್ಕತ್ತು ತಿನ್ನುತ್ತಿದ್ದಾನೆ. ಮನೆಯಲ್ಲಿರು ಎಂದು ಮೂರು ಸಲ ಹೇಳಿ ಬಂದಿದ್ದೆ.

ಪುಸ್ತಕ ಎತ್ತಿ ಹಿಡಿದರು. ಚಪ್ಪಾಳೆಯಾಯಿತು. ಅಧ್ಯಕ್ಷೆ ಮೈಕಿನ ಮುಂದೆ ಬಂದು, “ಈ ಹೆಣ್ಣುಮಗಳ ತಂದೆ ನಮ್ಮೆಲ್ಲರ ಕೊಳೆಯನ್ನ ತೊಳೀತಾ ಪ್ರಾಣ ಬಿಟ್ಟರು. ಅವರಿಗಾಗಿ ಒಂದು ನಿಮಿಷ ಎದ್ದು ನಿಲ್ಲೋಣ” ಎಂದರು.

ಎಲ್ಲರೂ ಎದ್ದರು. ನಮ್ಮಪ್ಪನೂ ಬಿಸ್ಕತ್ತನ್ನು ಜೇಬಿಗೆ ಹಾಕಿ ಎದ್ದು, ಕೈ ಕಟ್ಟಿ ತಲೆ ಬಗ್ಗಿಸಿದ. ಆ ಸಭೆಯಲ್ಲಿ ಅವನಷ್ಟು ಗಂಭೀರವಾಗಿ ಯಾರೂ ನಿಲ್ಲಲಿಲ್ಲ. ಹೊಲಿಗೆಯ ಅಕ್ಕ ಸೆರಗು ಬಾಯಿಗೆ ತುರುಕಿಕೊಂಡು ಅಲುಗಾಡುತ್ತಿದ್ದಳು. ಮುಂದಿನ ಸಾಲಿನ ಒಬ್ಬರು ತಿರುಗಿ ನೋಡಿ, ಪಾಪ ಅಳುತ್ತಿದ್ದಾಳೆ ಎಂದು ಕರವಸ್ತ್ರ ಕೊಟ್ಟರು.

ಅಲ್ಲಿಗೆ ಮುಗಿಯಬೇಕಿತ್ತು. ಅಧ್ಯಕ್ಷೆಯ ಮನಸ್ಸು ಕರಗಿಬಿಟ್ಟಿತ್ತು. “ಅವರ ಬಾಯಿಂದಲೇ ಒಂದೆರಡು ಪುಟ ಕೇಳೋಣ.”

“ಸಮಯ ಆಗಿದೆ ಮೇಡಂ, ಟಕ್,” ಎಂದರು ಯಜಮಾನರು.

“ಇವರಿಗೆ ಸಮಯ ಕೊಡದೆ ಇನ್ಯಾರಿಗೆ ಕೊಡೋಣ?”

ನನ್ನನ್ನು ಮೈಕಿನ ಮುಂದೆ ನಿಲ್ಲಿಸಿದರು. ಯಜಮಾನರು ಪಕ್ಕಕ್ಕೆ ಬಂದು ಕಿವಿಯಲ್ಲಿ, “ಅಪ್ಪ ಸತ್ತ, ನಾನು ಓದಿದೆ, ಪ್ರಕಾಶನಕ್ಕೆ ಋಣಿ. ಇಷ್ಟು ಹೇಳಿ ಇಳಿ” ಎಂದರು.

ಪುಸ್ತಕ ಬಿಡಿಸಿದೆ. ಅಚ್ಚ ಬಿಳಿ. ಅಷ್ಟು ವರ್ಷ ಆ ಶೆಡ್ಡಿನಲ್ಲಿ ಹಾಳೆ ಮಡಿಸಿದ್ದೇನೆ, ಹಾಳೆಯೊಂದು ನನಗಾಗಿ ಖಾಲಿ ಇದ್ದದ್ದು ಅದೇ ಮೊದಲು. ಎದುರಿಗೆ ಅಪ್ಪ ಜೇಬಿನಿಂದ ಬಿಸ್ಕತ್ತು ತೆಗೆದು, ಊದಿ, ಬಾಯಿಗೆ ಹಾಕಿಕೊಂಡ.

“ಒಂದು ದೊಡ್ಡ ಮನೆಯವರ ಹಲ್ಲುಸೆಟ್ಟು ಕಕ್ಕಸಿಗೆ ಬಿತ್ತು,” ಎಂದು ಓದತೊಡಗಿದೆ.

ದಾರಿ ಮೇಡಂ ಎದೆಯ ಮೇಲೆ ಇಟ್ಟುಕೊಂಡಿದ್ದ ಕೈ ಹಣೆಗೆ ಹೋಯಿತು. ಅಧ್ಯಕ್ಷೆ ಜೊತೆಯಲ್ಲೇ ಓದೋಣವೆಂದು ತಮ್ಮ ಪ್ರತಿ ಬಿಡಿಸಿದರು. ಇನ್ನೊಂದು ಪುಟ ತಿರುವಿದರು. ನನ್ನ ಕಡೆ ನೋಡಿದರು. ಫೋಟೋದವನು ಅವರ ಮುಂದೆಯೇ ಕುಕ್ಕರಗಾಲಲ್ಲಿ ಕೂತಿದ್ದ. ಅವರು ನಿಧಾನವಾಗಿ ಕನ್ನಡಕ ಹಾಕಿಕೊಂಡು, ಬಿಳಿ ಹಾಳೆಯ ಮೇಲೆ ಬೆರಳಿಟ್ಟು, ಸಾಲಿನಿಂದ ಸಾಲಿಗೆ ಇಳಿಸುತ್ತಾ ಬಂದರು. ಅವರನ್ನು ನೋಡಿ ಮುಂದಿನ ಸಾಲಿನವರೂ ಬಿಡಿಸಿದರು. ನಾನು ಪುಟ ತಿರುವಿದರೆ ಅವರೆಲ್ಲ ಪುಟ ತಿರುವಿದರು. ಒಬ್ಬರಂತೂ “ಆಹಾ” ಎಂದು ಪೆನ್ನಿನಿಂದ ಗೆರೆ ಎಳೆದುಕೊಂಡರು.

“ಅಪ್ಪ ಕಾಲಿನಲ್ಲಿ ತಡಕಿ, ಕೆಳಗಿನ ಸೆಟ್ಟನ್ನು ಹುಡುಕಿ ತೆಗೆದ…”

“ಮೇಲಿನದು ಕಣೇ,” ಎಂದಿತು ಹಿಂದಿನ ಸಾಲು. “ಕೆಳಗಿನದು ಬಾಯಲ್ಲೇ ಇತ್ತು.”

ಸಭೆ ತಿರುಗಿತು. ಅಧ್ಯಕ್ಷೆ, “ತಾವು ಯಾರು?” ಎಂದರು.

ಅಪ್ಪ ಎದ್ದು ನಿಂತು ಕೈ ಮುಗಿದ. “ನಾನೇ ತಾಯಿ, ಈಗ ನೀವೆಲ್ಲ ನಿಂತು ಕಳಿಸಿಕೊಟ್ಟಿರಲ್ಲ, ಅವನು.”

ನಾನು ಓದಿದ ಕಾದಂಬರಿಗಳ ಹಾಗೆಯೇ ಆಯಿತು. ಮೊದಲು ಸತ್ತ, ಆಮೇಲೆ ಸಭೆಗೆ ಬಂದ.

ನಾನು ನಿಲ್ಲಿಸಲಿಲ್ಲ. ತಂಬಿಗೆ ನೀರು ಓದಿದೆ, ಗೇಟು ಓದಿದೆ, ಬೋಳಿಮಗ ಓದಿದೆ. ಜನ ನಗತೊಡಗಿದರು. ಅಧ್ಯಕ್ಷೆಗೂ ತಡೆಯಲಾಗಲಿಲ್ಲ. “ಎಂಥಾ ಮನುಷ್ಯರಿರ್ತಾರೆ ನೋಡಿ. ಯಾರಪ್ಪ ಅದು ಪುಣ್ಯಾತ್ಮ?” ಎಂದು ಯಜಮಾನರ ಕಡೆ ತಿರುಗಿದರು.

ಯಜಮಾನರು ಬಾಯಿ ಬಿಗಿಯಾಗಿ ಮುಚ್ಚಿಕೊಂಡಿದ್ದರು, ತುಟಿ ಬೆಳ್ಳಗಾಗಿತ್ತು. ಬಲಗೈ ತಾನಾಗಿ ಬಾಯಿಗೆ ಅಡ್ಡ ಬಂತು. ಆಗ ನನಗೆ ಅಪ್ಪನ ನಗು ಅರ್ಥವಾಯಿತು. ಅಪ್ಪ ಮಾತ್ರ ಗುಟ್ಟು ಬಿಡಲಿಲ್ಲ.

“ಹೆಸರು ಹೇಳಬಾರದು ತಾಯಿ,” ಎಂದ. “ಆದ್ರೆ ಸೆಟ್ಟು ಅದೇ. ಸದ್ದು ಗುರುತು ಸಿಗುತ್ತೆ.”

ಸಭೆ ಒಂದು ಗಳಿಗೆ ಸುಮ್ಮನಿತ್ತು. ಆ ನಿಶ್ಶಬ್ದದಲ್ಲಿ ಯಜಮಾನರ ಬಾಯಿಂದ, ತಡೆದರೂ ತಡೆಯದೆ, ಟಕ್ ಎಂದಿತು.

ಆಮೇಲೆ ಎದ್ದ ನಗು ಇಳಿಯಲು ಬಹಳ ಹೊತ್ತು ಹಿಡಿಯಿತು. ಅದು ಇಳಿಯಲಿ ಎಂದು ಕಾದು, ಕೊನೆಯ ಪುಟ ತಿರುವಿದೆ.

“ಮಾರುಕಟ್ಟೆ ಬೀದಿಯ ಗುಂಡಿಯಲ್ಲಿ ಸತ್ತವನು ಇವನಲ್ಲ. ಇವನ ತಮ್ಮ, ನಮ್ಮ ಚಿಕ್ಕಪ್ಪ. ಇವನು ಹಗ್ಗ ಹಿಡಿದಿದ್ದ. ಹಗ್ಗ ಖಾಲಿ ಬಂತು. ಅಷ್ಟೇ.”

ಪುಸ್ತಕ ಮುಚ್ಚಿದೆ. ಈ ಸಲ ಎದ್ದು ನಿಲ್ಲಿ ಎಂದು ಯಾರೂ ಹೇಳಲಿಲ್ಲ. ಯಾರೂ ಏಳಲೂ ಇಲ್ಲ. ಅಪ್ಪನೊಬ್ಬ ಮೊದಲೇ ನಿಂತಿದ್ದ. ಹಾಗೇ ನಿಂತಿದ್ದ.

ಮನೆಗೆ ಹೋಗುವಾಗ ದಾರಿಯಲ್ಲಿ, “ಮೊದಲು ನಿಂತರಲ್ಲ ಎಲ್ಲರೂ, ಅದನ್ನ ಅವನ ಲೆಕ್ಕಕ್ಕೆ ಹಾಕಿಬಿಡ್ತೀನಿ,” ಎಂದ. ಆಮೇಲೆ, “ಕುರ್ಚಿ ಹೋಯ್ತಲ್ಲೇ,” ಎಂದ.

“ನೋಡೋಣ ನಡಿ,” ಎಂದೆ.

*

ಮಾರನೆಯ ದಿನ ನಾನು ಎಂದಿನಂತೆ ಕೆಲಸಕ್ಕೆ ಬಂದೆ. ಬರಬೇಡ ಎಂದು ಯಾರೂ ಹೇಳಿರಲಿಲ್ಲ. ಬಾ ಎಂದೂ ಹೇಳಿರಲಿಲ್ಲ. ಅಪ್ಪನೂ ಬೆನ್ನಿಗೆ ಬಂದ, ಬೇಡವೆಂದರೂ ಕೇಳಲಿಲ್ಲ. ಬಾಗಿಲ ಮುಂದೆ ನಿಂತು ಕಪ್ಪು ಡಬ್ಬಿಗೆ ಬೆರಳಿಟ್ಟೆ. ಕೊರ್.

“ಬೋಳಿಮಗಂದು,” ಎಂದ ಅಪ್ಪ.

ದಾರಿ ಮೇಡಂ ಮೆಟ್ಟಿಲು ಹತ್ತಿ ಬಂದಳು. ಕಣ್ಣು ಊದಿಕೊಂಡಿದ್ದವು. ನನ್ನನ್ನು ನೋಡಿ ಏನೋ ಹೇಳಲು ಹೊರಟು, ಅಪ್ಪನನ್ನು ನೋಡಿ ನಿಲ್ಲಿಸಿದಳು. ತಾನು ಸಾಯಿಸಿದವನು ಎದುರಿಗೆ ನಿಂತು “ಚೆನ್ನಾಗಿದ್ದೀಯೇನಮ್ಮ” ಎಂದರೆ ಯಾರಿಗೆ ತಾನೇ ಮಾತು ಹೊರಡುತ್ತದೆ. ಬೆರಳಿಟ್ಟಳು. ಹಸಿರು ದೀಪ ಹತ್ತಿತು. ಅವಳು ಒಳಗೆ ಹೋದಳು, ಬಾಗಿಲು ಹಿಂದೆಯೇ ಮುಚ್ಚಿಕೊಳ್ಳುತ್ತಾ ಬಂತು.

ನಾನು ಸಂದಿಗೆ ಕಾಲು ಕೊಟ್ಟೆ. ಚೀಲದಿಂದ ‘ನಮ್ಮ ದನಿ’ ತೆಗೆದೆ. ಎಲ್ಲರಿಂದ ವಾಪಸು ಇಸಿದುಕೊಂಡರು, ನನ್ನಿಂದ ಇಸಿದುಕೊಳ್ಳುವ ಧೈರ್ಯ ಯಾರಿಗೂ ಬಂದಿರಲಿಲ್ಲ. ಬಗ್ಗಿ, ಬಾಗಿಲಿನ ಕೆಳಗೆ ಅದನ್ನು ತುರುಕಿ ಅಂಗಾಲಿನಿಂದ ಒದ್ದೆ. ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು. ಬಾಗಿಲು ಒಮ್ಮೆ ನರಳಿ ನಿಂತುಬಿಟ್ಟಿತು.

“ಏನ್ರೀ ಅದು?” ಎಂದಳು ದಾರಿ ಮೇಡಂ.

“ಗಾಳಿಯಾಡಲಿ ಅಂತ ಮೇಡಂ. ನಮ್ಮಪ್ಪ ಹೇಳಿದ್ದಾನೆ, ಮೊದಲು ಗಾಳಿಯಾಡಿಸದೆ ಒಳಗೆ ಇಳಿಯಬಾರದು.”

ಶೆಡ್ಡಿನಿಂದ ಹೊಲಿಗೆಯ ಅಕ್ಕ ಮತ್ತು ಉಳಿದವರು ಹೊರಗೆ ಬಂದು, ತೆರೆದ ಬಾಗಿಲನ್ನು ಕೆಳಗಿನಿಂದ ನೋಡುತ್ತಾ ನಿಂತರು. ಅಕ್ಕ ಮೊದಲ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಳು.

ಕಿಟಕಿಯ ಪಕ್ಕ ಒಂದು ಕುರ್ಚಿ ಇತ್ತು, ಯಾರದೋ. ಎಳೆದು ಕೂತೆ. ಮೇಜಿನ ಮೇಲೆ ಒಂದು ಹೊಸ ಕಾದಂಬರಿಯ ಕಟ್ಟು ಇತ್ತು. ದಾರ ಬಿಚ್ಚಿ ಒಂದನೆಯ ಪುಟ ತೆಗೆದೆ. ಅದರ ಮುಂದಿನದು ಎರಡನೆಯ ಪುಟವೇ ಆಗಿತ್ತು. ಅಪ್ಪ ವಾಪಸು ಬಂದ ಪುಸ್ತಕಗಳ ಬಂಡಲ್ಲಿನ ಮೇಲೆ ಕಾಲು ಚಾಚಿ ಕೂತ.

ಕೆಳಗೆ ಕಾರು ನಿಂತ ಸದ್ದಾಯಿತು. ಮೆಟ್ಟಿಲುಗಳ ಮೇಲೆ ಬೂಟಿನ ಸದ್ದು, ಅದರ ಜೊತೆಗೆ ಇನ್ನೊಂದು ಸದ್ದು. ಟಕ್. ಟಕ್. ಟಕ್.

“ಮೇಲಿನದೇ,” ಎಂದ ಅಪ್ಪ.

ನಾನು ಮೂರನೆಯ ಪುಟ ತಿರುವಿದೆ.